ನದಿಯ ಹೆಸರಿನ ಹಡಗು

ಡಿಸ್ಟ್ರಾಯರ್ ಅಂದರೆ ಏನೆಂದು ನಮ್ಮನೆಯವರು ನನಗೆ ಹೇಳಿಕೊಟ್ಟದ್ದು ಕುಣಿಗಲ್ ದೊಡ್ಡ ಕೆರೆಯ ಏರಿಯ ಮೇಲೆ. ಮದುವೆಯಾದ ಹೊಸದು, ಅರವತ್ತನೇ ಇಸವಿಯ ಆಸುಪಾಸು. ಕುಣಿಗಲ್ ನನ್ನ ತವರು. ಅಳಿಯ ಬಂದಿದ್ದಾರೆಂದು ಒಬ್ಬಟ್ಟು ಮಾಡಿ, ಉಂಡ ಮೇಲೆ ನಮ್ಮಿಬ್ಬರನ್ನೂ ಕೆರೆ ನೋಡಿಕೊಂಡು ಬನ್ನಿ ಎಂದು ಕಳಿಸಿದ್ದರು. ಏರಿಯ ಮೇಲೆ ನಿಂತು ಅವರು ನೀರನ್ನು ನೋಡಲಿಲ್ಲ, ಏರಿಯ ಉದ್ದವನ್ನು ನೋಡಿದರು. ತೂಬಿನ ಕಲ್ಲಿನಿಂದ ಆಚೆಗಿದ್ದ ಹುಣಸೇಮರದವರೆಗೆ ಕೈ ತೋರಿಸಿ, "ಇಷ್ಟುದ್ದ ಕಣೇ ನಮ್ಮ ಹಡಗು" ಅಂದರು.

"ಅಷ್ಟೇನಾ?" ಅಂದೆ. ಹಡಗು ಅಂದರೆ ಊರಷ್ಟು ದೊಡ್ಡದು ಅಂದುಕೊಂಡಿದ್ದೆ.

"ಅಷ್ಟೇನಾ ಅಂತೀಯಲ್ಲ! ಇದು ದೊಡ್ಡ ಹಡಗಲ್ಲ. ದೊಡ್ಡವುಗಳನ್ನ ಕಾಯೋ ಹಡಗು. ಕುರಿಮಂದೆ ನೋಡಿದ್ದೀಯಲ್ಲ? ಮಂದೆ ಸುಮ್ನೆ ಹೋಗ್ತಿರತ್ತೆ. ನಾಯಿ ಸುತ್ತ ಓಡ್ತಿರತ್ತೆ. ನಾವು ನಾಯಿ."

ಹೀಗೆ ಶುರುವಾದದ್ದು ಹೊತ್ತು ಇಳಿಯುವವರೆಗೂ ನಡೆಯಿತು. ಟಾರ್ಪಿಡೊ ಹೊತ್ತು ಬಂದು ದೊಡ್ಡ ಹಡಗಿನ ಹೊಟ್ಟೆಗೆ ಹೊಡೆದು ಓಡಿಹೋಗುತ್ತಿದ್ದ ಸಣ್ಣ ದೋಣಿಗಳನ್ನು ಅಟ್ಟುವುದಕ್ಕೆಂದು, ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಹುಟ್ಟಿದ ಜಾತಿಯಂತೆ ಇದು. ಆಮೇಲೆ ತಾನೇ ಟಾರ್ಪಿಡೊ ಹೊತ್ತುಕೊಂಡಿತು. ಆಮೇಲೆ ನೀರೊಳಗಿನ ಸಬ್‌ಮೆರೀನುಗಳನ್ನು ಹುಡುಕುವ ಕೆಲಸವೂ ಇದರ ಕೊರಳಿಗೆ ಬಿತ್ತು. ಕೆಳಗೆ ಶಬ್ದ ಸಿಕ್ಕಿತೆಂದರೆ ಎಣ್ಣೆ ಪೀಪಾಯಿಯಂಥ ಬಾಂಬುಗಳನ್ನು ಹಿಂಬದಿಯಿಂದ ನೀರಿಗೆ ಉರುಳಿಸಿ ಅಲ್ಲಿಂದ ಓಡಬೇಕು. ಓಡಬೇಕಾದ್ದರಿಂದಲೇ ಮೈಯ ಉಕ್ಕು ತೆಳ್ಳಗೆ.

"ಎಷ್ಟು ತೆಳ್ಳಗೆ?" ಎಂದೆ.

ಅವರು ಒಂದು ಕಲ್ಲು ಎತ್ತಿ ನೀರಿಗೆ ಎಸೆದರು. ಅವರ ಕೆಲಸ ಹಡಗಿನ ತಳದಲ್ಲಿ, ಬಾಯ್ಲರಿನ ಹತ್ತಿರ. ಉಕ್ಕಿನ ಗೋಡೆಯ ಈಚೆಗೆ ಬೆಂಕಿ, ಆಚೆಗೆ ಸಮುದ್ರ. ಅವತ್ತು ಎಸೆದ ಕಲ್ಲಿನ ಅರ್ಥ ನನಗೆ ತಿಳಿದದ್ದು ಅರವತ್ತೈದನೇ ಇಸವಿಯಲ್ಲಿ.

ಅವರು ತೀರಿಕೊಂಡು ಇದು ಎರಡನೆಯ ಮಳೆಗಾಲ. ನಾನು ಓದಿದ್ದು ಮಿಡ್ಲ್ ಸ್ಕೂಲು. ಬರೆಯುವ ಅಭ್ಯಾಸ ಇದ್ದವಳಲ್ಲ. ಆದರೆ ಮನೆಯಲ್ಲಿ ಮಾತಾಡಿಕೊಳ್ಳಲು ಇದ್ದ ಜನ ಅವರೊಬ್ಬರೇ ಏನೋ ಎನ್ನುವ ಹಾಗೆ ಆಗಿಬಿಟ್ಟಿದೆ. ಮಕ್ಕಳು ಮೊಮ್ಮಕ್ಕಳು ಎಲ್ಲ ಇದ್ದಾರೆ, ಚೆನ್ನಾಗಿಯೇ ನೋಡಿಕೊಳ್ಳುತ್ತಾರೆ. ಅವರಿಗೆ ಹೇಳಿದರೆ ಕೇಳಿಸಿಕೊಳ್ಳುತ್ತಾರೆ. ಇದು ಕೇಳಿಸಿಕೊಂಡರೆ ಸಾಲುವ ಸಂಗತಿಯಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ನಾನು ಸೇರಿದ ಮನೆ ಗುಬ್ಬಿಯದು. ರೈಲ್ವೆ ಸ್ಟೇಷನ್ನಿನಿಂದ ನಡೆದು ಹೋಗುವಷ್ಟು ದೂರ. ಹಿಂದೆ ತೆಂಗಿನ ತೋಟ, ಆಚೆಗೆ ಸ್ವಲ್ಪ ರಾಗಿ ಹೊಲ. ಮನೆಯಲ್ಲಿ ಅತ್ತೆ, ಮಾವ, ನಾನು. ನಮ್ಮನೆಯವರು ವರ್ಷಕ್ಕೊಮ್ಮೆ ರಜಕ್ಕೆ ಬರುತ್ತಿದ್ದರು.

ಮಾವನವರು ರೈತರ ಮನೆಯವರೇ ಆದರೂ ಬಹಳ ವರ್ಷ ಬೆಂಗಳೂರಿನ ವಿಮಾನ ಕಾರ್ಖಾನೆಯಲ್ಲಿ ದುಡಿದವರು. ದೊಡ್ಡ ಯುದ್ಧದ ಕಾಲದಲ್ಲಿ ಸೇರಿದ್ದು. ರೆಕ್ಕೆಯ ತಗಡಿಗೆ ರಿವೆಟ್ ಹೊಡೆಯುವ ಕೆಲಸ. ಒಬ್ಬರು ಹೊರಗಿನಿಂದ ಹೊಡೆದರೆ ಇನ್ನೊಬ್ಬರು ರೆಕ್ಕೆಯೊಳಗೆ ತಲೆ ತೂರಿಸಿ ಉಕ್ಕಿನ ತುಂಡು ಒತ್ತಿ ಹಿಡಿಯಬೇಕು. ಮಾವ ಒಳಗೆ ಹಿಡಿಯುವವರು. ಕಿವಿ ಅಲ್ಲೇ ಹೋಯಿತು. ನಾನು ಸೊಸೆಯಾಗಿ ಬರುವ ಹೊತ್ತಿಗೆ ಅವರೊಡನೆ ಮಾತಾಡಬೇಕೆಂದರೆ ಪಕ್ಕದ ಮನೆಗೂ ಕೇಳಿಸುವಷ್ಟು ಕೂಗಬೇಕಿತ್ತು. ಸೊಸೆ ಮಾವನೆದುರು ಕೂಗುವ ಹಾಗಿಲ್ಲ. ಹಾಗಾಗಿ ನಾನು ಕೈಸನ್ನೆಯಲ್ಲೇ ಮಾತಾಡುತ್ತಿದ್ದೆ.

ಅವರು ಹೇಳುತ್ತಿದ್ದ ಕಥೆಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಕೆರೆಗೆ ಇಳಿಯುವ ವಿಮಾನದ್ದು. ದೋಣಿಯಂಥ ಹೊಟ್ಟೆ, ಮೇಲೆ ರೆಕ್ಕೆ. ಸಮುದ್ರದ ಮೇಲೆ ದಿನವಿಡೀ ಹಾರಿ ಸಬ್‌ಮೆರೀನು ಹುಡುಕುವಂಥವು. ರಿಪೇರಿಗೆಂದು ಬೆಂಗಳೂರಿನ ಪಕ್ಕದ ಕೆರೆಯೊಂದಕ್ಕೆ ಬಂದು ಬಾತುಕೋಳಿಯ ಹಾಗೆ ಇಳಿಯುತ್ತಿದ್ದವಂತೆ. ಯುದ್ಧ ಮುಗಿದ ಮೇಲೆ ಇನ್ನೊಂದು ಬಗೆಯವು ಬಂದವು. ನಾಲ್ಕು ಎಂಜಿನ್ನಿನ ಭಾರಿ ಬಾಂಬರುಗಳು. ದೇಶ ಬಿಟ್ಟುಹೋಗುವ ಇಂಗ್ಲಿಷರು ಅವು ಯಾರ ಕೈಗೂ ಸಿಗಬಾರದೆಂದು ತಾವೇ ಹಾಳುಮಾಡಿ ಉತ್ತರದ ಬಯಲಲ್ಲೆಲ್ಲೋ ಬಿಟ್ಟುಹೋಗಿದ್ದರು. ಅವನ್ನು ಹೇಗೋ ಹಾರುವಷ್ಟು ಮಾಡಿಕೊಂಡು ಬೆಂಗಳೂರಿಗೆ ತಂದು, ಬಿಚ್ಚಿ, ತೇಪೆ ಹಾಕಿ, ನಮ್ಮ ಸಮುದ್ರ ಕಾಯಲು ಕಳಿಸಿದರು. ತೇಪೆ ಹಾಕಿದವರಲ್ಲಿ ಮಾವನವರೂ ಒಬ್ಬರು.

ಮಗ ರಜಕ್ಕೆ ಬಂದಾಗ ಜಗುಲಿಯ ಮೇಲೆ ಇದೇ ಜಗಳ.

"ನೀನು ಕೆಳಗಿರ್ತೀಯ, ನಾನು ಕಟ್ಟಿದ್ದು ಮೇಲಿರ್ತದೆ. ಅದು ನೋಡ್ಕತದೆ ಬುಡು ನಿನ್ನ" ಎನ್ನುವರು ಮಾವ.

"ಅಪ್ಪಾ, ನೋಡ್ಕಳದು ಬ್ಯಾಡ. ನೀನು ಹೊಡೆದ ರಿವೆಟ್ಟು ಉದುರಿ ನಮ್ಮ ತಲೆ ಮೇಲೆ ಬೀಳ್ದಿದ್ರೆ ಸಾಕು!"

"ಏನ್ಲಾ ಅಂದೆ?"

"ಉದುರದಿದ್ರೆ ಸಾಕು ಅಂದೆ!"

"ಉದುರಕ್ಕೆ ಅದೇನು ನಿನ್ನ ಹಡಗಾ? ದೊರೆಗಳು ಉಂಡು ಬಿಸಾಕಿದ ತಪ್ಲೆ ಅದು. ತೊಳ್ಕಂಡು ಇಟ್ಕಂಡಿದೀರ."

ಮಾತು ನಿಜವೇ. ನಮ್ಮನೆಯವರ ಹಡಗನ್ನು ಇಂಗ್ಲೆಂಡಿನವರು ತಮ್ಮ ಯುದ್ಧಕ್ಕೆಂದು ಕಟ್ಟಿದ್ದು. ಅವರ ಯುದ್ಧ ಮುಗಿದು ಕೆಲವು ವರ್ಷಕ್ಕೆ ನಮಗೆ ಬಂತು. ಹಳೆಯ ಹೆಸರು ಒರೆಸಿ ನಮ್ಮ ನದಿಯೊಂದರ ಹೆಸರಿಟ್ಟರು. ಆದರೆ ಒಳಗೆ ಎಲ್ಲವನ್ನೂ ಒರೆಸಿರಲಿಲ್ಲವಂತೆ. ಬಾಯ್ಲರಿನ ಹಿಂದೆ, ಬಗ್ಗಿ ನೋಡಿದರೆ ಮಾತ್ರ ಕಾಣುವ ಕಡೆ, ಯಾವನೋ ಇಂಗ್ಲಿಷ್ ನಾವಿಕ ಮೊಳೆಯಲ್ಲಿ ಒಂದು ಹೆಣ್ಣಿನ ಹೆಸರು ಕೆರೆದಿದ್ದ. ಹೆಂಡತಿಯದೋ, ಮದುವೆಯಾಗಬೇಕಿದ್ದವಳದೋ. ಬಣ್ಣ ಬಳಿಯುವಾಗ ಪ್ರತಿ ಸಲವೂ ನಮ್ಮವರು ಅದೊಂದು ಜಾಗ ಬಿಟ್ಟು ಬಳಿಯುತ್ತಿದ್ದರಂತೆ.

"ಪಾಪ, ಬದುಕಿದ್ನೋ ಇಲ್ವೋ" ಎಂದಿದ್ದರು ನನಗೆ. "ಆ ಹೆಸರು ಮಾತ್ರ ಇನ್ನೂ ಸಮುದ್ರದ ಮೇಲೆ ಓಡಾಡ್ತಾ ಇದೆ."

ಹೆಸರಿನ ವಿಷಯ ಬಂದದ್ದರಿಂದ ನಮ್ಮ ಕಡೆಯ ಪದ್ಧತಿ ಹೇಳಬೇಕು. ಗಂಡನ ಹೆಸರನ್ನು ಹೆಂಡತಿ ಹೇಳಬಾರದು. ಮದುವೆಯ ದಿನ ಹೊಸಿಲು ದಾಟುವಾಗ ಅಡ್ಡ ನಿಂತು ಹೇಳಿಸುತ್ತಾರೆ, ಅದೇ ಮೊದಲು, ಅದೇ ಕೊನೆ. ಆಮೇಲೆ ಹೇಳಿದರೆ ಹೇಳಿದಷ್ಟು ಸಲ ಗಂಡನ ಆಯಸ್ಸು ಕಡಿಮೆ. ಮಾವನ ಹೆಸರನ್ನೂ ಹೇಳುವಂತಿಲ್ಲ. ಇನ್ನು ಹಿರಿಯ ಮಗನಿಗೆ ಅಜ್ಜನ ಹೆಸರನ್ನೇ ಇಡುವುದು ವಾಡಿಕೆ. ಹಾಗಾಗಿ ನಮ್ಮ ಅತ್ತೆಗೆ ತಾನು ಹೆತ್ತ ಮಗನ ಹೆಸರೇ ಬಾಯಲ್ಲಿ ಹೇಳಲಾಗದ ಹೆಸರು. "ಮಗಾ" ಎಂದೋ "ದೊಡ್ಡೋನೆ" ಎಂದೋ ಕರೆಯುತ್ತಿದ್ದರು.

ಅತ್ತೆಗೆ ಇದು ಬರಿಯ ಶಾಸ್ತ್ರವಾಗಿರಲಿಲ್ಲ. ಅವರ ತಂಗಿಯೊಬ್ಬಳು ಹೊಲದಲ್ಲಿ ಕಳೆ ಕೀಳುವಾಗ ಜೊತೆಯ ಹೆಂಗಸರು ಕೆಣಕಿದರೆಂದು ಗಂಡನ ಹೆಸರನ್ನು ಹಾಡು ಕಟ್ಟಿ ಹೇಳಿದ್ದಳಂತೆ. ಆ ಸುಗ್ಗಿಯೊಳಗೆ ಗಂಡ ಹಾವು ಕಚ್ಚಿ ಸತ್ತ. ಅತ್ತೆ ಅದನ್ನು ಕಣ್ಣಲ್ಲಿ ನೋಡಿದವರು. ನಾನು ಮನೆ ತುಂಬಿದ ದಿನವೇ ಕೈ ಹಿಡಿದು ಕೂರಿಸಿಕೊಂಡು ಹೇಳಿದ್ದರು: "ನಂಗುಳ್ದಿರೋನು ಒಬ್ನೇ ಕಣವ್ವ. ನಿನ್ನ ನಾಲ್ಗೆ ಮ್ಯಾಲೆ ಮಡಗಿದೀನಿ."

ಅರವತ್ತೈದರ ಸೆಪ್ಟೆಂಬರಿನಲ್ಲಿ ಯುದ್ಧ ಶುರುವಾಯಿತು. ಗೋವಾ ಬಿಡಿಸಿಕೊಂಡ ಯುದ್ಧದ ಸಲವೂ ಹೆದರಿದ್ದೆವು, ಅದು ಹೆದರಿ ಮುಗಿಸುವುದರೊಳಗೆ ಮುಗಿದಿತ್ತು. ಇದು ಹಾಗಲ್ಲ ಎಂದು ಮೊದಲ ವಾರಕ್ಕೇ ಗೊತ್ತಾಯಿತು. ಕಾಗದ ಬರುವುದು ನಿಂತಿತು. ತುಮಕೂರಿನಲ್ಲಿ ಕಾರಿನ ದೀಪಗಳಿಗೆ ಅರ್ಧ ಕಪ್ಪು ಬಣ್ಣ ಬಳಿದಿದ್ದಾರೆಂದು ಬಂದವರು ಹೇಳುತ್ತಿದ್ದರು. ಪೇಪರಿನಲ್ಲೆಲ್ಲ ಪಂಜಾಬು, ಟ್ಯಾಂಕು, ವಿಮಾನ. ಸಮುದ್ರದ ಸುದ್ದಿ ಒಂದು ಗೆರೆಯೂ ಇರುತ್ತಿರಲಿಲ್ಲ. ಸುದ್ದಿ ಇಲ್ಲದ್ದು ಒಳ್ಳೆಯದೋ ಕೆಟ್ಟದ್ದೋ ನಮಗೆ ತಿಳಿಯುತ್ತಿರಲಿಲ್ಲ.

ಒಂದು ಬೆಳಿಗ್ಗೆ ಸಿ.ಎಸ್. ಪುರದ ಕಾಯಿ ವ್ಯಾಪಾರಿ ತೋಟ ನೋಡಲು ಬಂದ. ಅವನ ಮನೆಯಲ್ಲಿ ರೇಡಿಯೋ ಇತ್ತು. ಅತ್ತೆ ಮಜ್ಜಿಗೆ ತಂದುಕೊಟ್ಟರು. ಕುಡಿದು ಮೀಸೆ ಒರೆಸಿಕೊಂಡು, ನಮ್ಮ ಮನೆಯ ಮಗ ಎಲ್ಲಿದ್ದಾನೆಂಬುದು ನೆನಪಿಲ್ಲದೆ ಹೇಳಿಬಿಟ್ಟ:

"ಶತ್ರು ರೇಡಿಯೋದೋರು ನಮ್ದೊಂದು ಹಡಗು ಮುಳುಗ್ಸಿದೀವಿ ಅಂತ ಬೊಗಳ್ತಾವ್ರಂತೆ ಕಣಮ್ಮ."

"ಯಾವ ಹಡಗು?" ಎಂದೆ ಬಾಗಿಲಿಗೆ ಬಂದು.

"ಅದ್ಯಾವ್ದೋ ನದಿ ಹೆಸ್ರು ಅಂದ್ರಪ್ಪ. ಹೇಳ್ದೋನಿಗೇ ಸರಿಯಾಗಿ ಗೊತ್ತಿಲ್ಲ. ಸುಳ್ಳೇ ಇರ್ತದೆ ಬುಡಿ." ಆಮೇಲೆ ನನ್ನ ಮುಖ ನೋಡಿದ. ಅತ್ತೆಯ ಮುಖ ನೋಡಿದ. ಲೋಟ ಕೆಳಗಿಟ್ಟು, ಕಾಯಿಯ ಮಾತೇ ಆಡದೆ ಹೊರಟುಹೋದ.

ನದಿಯ ಹೆಸರಿನ ಹಡಗುಗಳು ಒಂದಕ್ಕಿಂತ ಹೆಚ್ಚಿದ್ದವು. ಅದು ನಮಗೆ ಗೊತ್ತಿತ್ತು. ಗೊತ್ತಿದ್ದರೂ ಹೊಟ್ಟೆಯೊಳಗೆ ಆ ಲೆಕ್ಕ ಇಳಿಯುವುದಿಲ್ಲ.

ಮಾವನವರಿಗೆ ಅತ್ತೆ ಕಿವಿಯ ಹತ್ತಿರ ಹೋಗಿ ಹೇಳಿದರು. ಅವರು ಎದ್ದು ಕೋಟು ಹಾಕಿಕೊಂಡರು. ಮಗನ ಕಾಗದಗಳ ಕಟ್ಟನ್ನು ಜೇಬಿಗಿಟ್ಟುಕೊಂಡರು. "ಕಾರ್ಖಾನೆಗೆ ಹೋಗ್ಬತ್ತೀನಿ. ಸಮುದ್ರದ ಮೇಲೆ ಏನಾದ್ರೂ ಮುಳುಗಿದ್ರೆ ನಮ್ಮ ವಿಮಾನ ನೋಡೇ ನೋಡಿರ್ತದೆ" ಎಂದವರೇ ಸ್ಟೇಷನ್ನಿಗೆ ನಡೆದರು. ಹಾರುವವರೂ ಕಟ್ಟುವವರೂ ಒಂದೇ ಮನೆಯವರೆಂದು ಅವರ ನಂಬಿಕೆ.

ಅತ್ತೆ ಆ ದಿನವಿಡೀ ಕಾದರು. ಮಾವ ಬರಲಿಲ್ಲ. ಮರುದಿನ ಬೆಳಿಗ್ಗೆ ನನಗೆ, "ಸೀರೆ ಉಟ್ಕೊ, ತುಮಕೂರಿಗೆ ಹೋಗದು. ಬೀದಿಯೋರಿಗೆ ಏನೂ ಹೇಳ್ಬ್ಯಾಡ" ಅಂದರು. ಬೀದಿಯವರಿಗೆ ತಿಳಿದರೆ ಮಾತಾಡಿಸಲು ಬಂದು ಕೂರುತ್ತಾರೆ. ಕೂತರೆ ಯಾರಾದರೂ ಅಳುತ್ತಾರೆ. ಒಬ್ಬರು ಅತ್ತರೆ ಸುದ್ದಿ ನಿಜವಾಗಿಬಿಡುತ್ತದೆ ಎನ್ನುವ ಭಯ ಅವರದು.

ತುಮಕೂರಿನಲ್ಲಿ ಸೈನಿಕರ ಮನೆಯವರ ಕಷ್ಟಸುಖ ನೋಡುವ ಕಚೇರಿಯೊಂದಿತ್ತು. ಹಳೆಯ ಹೆಂಚಿನ ಮನೆ, ಮುಂದೆ ಉದ್ದ ಜಗುಲಿ. ನಾವು ಹೋದಾಗ ಜಗುಲಿಯ ತುಂಬ ಜನ. ಹೆಚ್ಚಿನವರು ಹೆಂಗಸರು, ಹಳ್ಳಿಗಳಿಂದ ಬಂದವರು. ಹುತ್ರಿದುರ್ಗದ ಕಡೆಯ ಮುದುಕಿಯೊಬ್ಬಳು ಮೂರು ಗಂಡು ಮಕ್ಕಳ ಹೆಸರನ್ನೂ ಒಂದೇ ಉಸಿರಿಗೆ ಹೇಳಿದಳು. ಆಕೆಯನ್ನು ಕಂಡು ನನಗೆ ಹೊಟ್ಟೆಕಿಚ್ಚಾಯಿತು.

ನಮ್ಮ ಸರದಿ ಬಂತು. ಮೇಜಿನ ಹಿಂದೆ ಕನ್ನಡಕದ ಗುಮಾಸ್ತ.

"ಹೆಸರು?"

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

"ಹುಡುಗನ ಹೆಸರು ಹೇಳಮ್ಮ."

"ನನ್ನ ಹಿರೀಮಗ ಸ್ವಾಮಿ" ಎಂದರು ಅತ್ತೆ.

"ಹಿರೀಮಕ್ಳು ಲಕ್ಷ ಜನ ಅವ್ರೆ ಮಿಲಿಟ್ರೀಲಿ. ಹೆಸರು?"

"ನಮ್ಮ ಮಾವನೋರ ಹೆಸ್ರೇ ಮಡಗಿರೋದು."

"ನಿಮ್ಮ ಮಾವನೋರನ್ನ ನಾನು ನೋಡಿಲ್ವಲ್ಲ ತಾಯಿ!"

ಹಿಂದಿದ್ದವರು ನಕ್ಕರು. ಗುಮಾಸ್ತ ನನ್ನ ಕಡೆ ತಿರುಗಿದ. "ಇವ್ರ್ಯಾರು, ಹೆಂಡ್ತಿನಾ? ಗಂಡನ ಹೆಸರು ಹೇಳಮ್ಮ." ನಾನು ತಲೆ ತಗ್ಗಿಸಿದೆ. "ಸರಿಹೋಯ್ತು. ತಂದೆ ಹೆಸರಾದ್ರೂ ಹೇಳಿ."

"ಅದು ನಮ್ಮ ಯಜಮಾನ್ರ ಹೆಸ್ರು" ಎಂದರು ಅತ್ತೆ ಮೆಲ್ಲಗೆ.

"ಅದೂ ಇಲ್ಲ! ಊರಿನ ಹೆಸರು ಹೇಳ್ಬೋದಾ, ಇಲ್ಲಾ ಅದೂ ಯಾರಾದ್ರೂ ಭಾವನ ಹೆಸರಾ?"

ಊರು ಹೇಳಿದೆ. ಹಡಗಿನ ಹೆಸರು ಹೇಳಿದೆ. ನದಿಗಳಿಗೆ ಆಯಸ್ಸಿನ ಭಯವಿಲ್ಲ. ಹಡಗಿನ ಹೆಸರು ಕೇಳಿ ಗುಮಾಸ್ತನ ಮುಖದ ನಗು ಸ್ವಲ್ಪ ಕಡಿಮೆಯಾದದ್ದನ್ನು ನೋಡಿದೆ. ಅವನೂ ರೇಡಿಯೋ ಸುದ್ದಿ ಕೇಳಿದ್ದನೆಂದು ಕಾಣುತ್ತದೆ.

ಕಾಗದದ ಮೇಲಿನ ವಿಳಾಸ ತೋರಿಸಿದ್ದರೆ ಆಗುತ್ತಿತ್ತು, ಕಾಗದಗಳೆಲ್ಲ ಮಾವನ ಜೇಬಿನಲ್ಲಿ ಬೆಂಗಳೂರಿಗೆ ಹೋಗಿದ್ದವು. ಬರೆದುಕೊಡಬಹುದಿತ್ತಲ್ಲ ಅಜ್ಜಿ ಎಂದು ಮೊಮ್ಮಗಳು ಕೇಳುತ್ತಾಳೆ. ಮೇಜಿನ ಮೇಲಿದ್ದ ಪೆನ್ಸಿಲಿಗೆ ಕೈ ಹಾಕಿಯೂ ಇದ್ದೆ. ಅತ್ತೆ ಮಣಿಕಟ್ಟು ಹಿಡಿದರು. ಬರೆದರೂ ಹೇಳಿದಂತೆಯೇ ಎಂದು ಅವರ ಮತ. ನನ್ನ ಕಾಗದಗಳಿಗೂ ವಿಳಾಸವನ್ನು ಮಾವನವರೇ ಬರೆಯುತ್ತಿದ್ದರು.

ಕೊನೆಗೆ ಅತ್ತೆ ಗೋಡೆಯ ಕಡೆ ಬೆರಳು ತೋರಿಸಿದರು. ಅಲ್ಲೊಂದು ಕ್ಯಾಲೆಂಡರಿತ್ತು, ಅದರಲ್ಲಿ ದೇವರ ಪಟ. "ಆ ಸ್ವಾಮಿ ಹೆಸ್ರೇ" ಅಂದರು.

ಗುಮಾಸ್ತ ಹಿಂತಿರುಗಿ ನೋಡಿದ. "ಮೊದ್ಲೇ ಹೇಳ್ಬಾರ್ದಾ? ಗೊತ್ತಾಯ್ತು ಬಿಡಿ" ಎಂದು ಏನೋ ಬರೆದುಕೊಂಡ. "ಸಾಹೇಬ್ರು ಬೆಂಗ್ಳೂರಿಗೆ ಫೋನ್ ಮಾಡಿ, ಅಲ್ಲಿಂದ ಬಾಂಬೆಗೆ ಕೇಳ್ಸ್ಬೇಕು. ಊಟ ಆದ್ಮೇಲೆ ಬನ್ನಿ."

ಅಮಾನಿಕೆರೆಯ ದಂಡೆಗೆ ಹೋಗಿ ಕೂತೆವು. ರೊಟ್ಟಿಯ ಗಂಟು ಮಡಿಲಲ್ಲೇ ಇತ್ತು, ಇಬ್ಬರೂ ಬಿಚ್ಚಲಿಲ್ಲ. ಬಟ್ಟೆ ಒಗೆಯುವವರ ಕಲ್ಲಿನ ಶಬ್ದ ಆಚೆ ದಂಡೆಯಿಂದ ಬರುತ್ತಿತ್ತು. ಆಗ ಬೆಂಗಳೂರಿನ ದಿಕ್ಕಿನಿಂದ ಒಂದು ವಿಮಾನ ಬಂತು. ದಂಡೆಯ ಮೇಲಿದ್ದವರೆಲ್ಲ ಎದ್ದು ಮರದ ಕೆಳಗೆ ಓಡಿದರು. ಬುಟ್ಟಿ ಹೊತ್ತಿದ್ದವಳು ಬುಟ್ಟಿ ಬಿಸಾಕಿ ಕಾಲುವೆಗೆ ಇಳಿದಳು. ಅತ್ತೆ ಕೂತಲ್ಲೇ ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು.

"ಅತ್ತೆಮ್ಮ, ಬನ್ನಿ ಈಕಡೆ."

"ನಮ್ಮದೇ ಕಣೇ ಅದು. ನಿಮ್ಮ ಮಾವ ಕಟ್ಟಿದ್ದೇನೋ" ಎಂದರು. ಆಮೇಲೆ ಅದಕ್ಕೆ ಕೈ ಮುಗಿದರು. ವಿಮಾನ ಬೆಟ್ಟದ ಆಚೆಗೆ ಹೋಗಿ ಶಬ್ದವೂ ಅಡಗಿದ ಮೇಲೆ ಕೈ ಇಳಿಸಿದರು.

ಕಚೇರಿಗೆ ವಾಪಸು ಹೋದಾಗ ಜಗುಲಿ ಅರ್ಧ ಖಾಲಿಯಾಗಿತ್ತು. ಗುಮಾಸ್ತ ನಮ್ಮನ್ನು ಕಂಡು ತಮಾಷೆ ಮಾಡಲಿಲ್ಲ. ಎದ್ದು ಒಳಗೆ ಹೋದ. ಒಳಗಿನಿಂದ ಸಾಹೇಬರು ಬಂದರು. ಅವರು ನಿವೃತ್ತ ಸುಬೇದಾರರು, ಬಿಳಿ ಮೀಸೆ. ನಮ್ಮನ್ನು ಒಳಕೋಣೆಗೆ ಕರೆದು ಬೆಂಚಿನ ಮೇಲೆ ಕೂರಿಸಿದರು. ಮೇಜಿನ ಮೇಲೆ ಫೋನಿನ ರಿಸೀವರು ಕೆಳಗಿಟ್ಟಿತ್ತು, ಒಳಗೆ ಕರ್ ಕರ್ ಎನ್ನುತ್ತಿತ್ತು.

"ತಾಯಿ, ಬಾಂಬೆಯೋರು ನೋಡಿದ್ರು. ಆ ಹೆಸರಿನೋರು ಆ ಹಡಗಲ್ಲಿ ಇಲ್ಲ ಅಂತಾರೆ."

"ಇಲ್ಲ ಅಂದ್ರೆ?" ಎಂದರು ಅತ್ತೆ.

"ಇಲ್ಲ ತಾಯಿ."

ಅತ್ತೆ ಅಳಲಿಲ್ಲ. ಅವರ ಎರಡು ಕೈಯೂ ನನ್ನ ಮುಂಗೈಗೆ ಬಂದವು. ನನ್ನ ಬಳೆಗಳ ಮೇಲೆ ಬಿಗಿಯಾಗಿ ಮುಚ್ಚಿಕೊಂಡವು, ಯಾರೋ ಈಗಲೇ ಬಂದು ಒಡೆಯುತ್ತಾರೇನೋ ಎನ್ನುವ ಹಾಗೆ. ಬಳೆ ಚರ್ಮಕ್ಕೆ ಒತ್ತಿ ನೋಯುತ್ತಿತ್ತು. ನೋವಿನಿಂದಲೇ ಏನೋ ನನಗೆ ಬುದ್ಧಿ ಬಂತು.

"ಯಾವ ಹೆಸರು ಕೇಳಿದ್ರಿ?" ಎಂದೆ.

ಗುಮಾಸ್ತ ಚೀಟಿ ನೋಡಿ ಓದಿದ. ಅದು ಕ್ಯಾಲೆಂಡರಿನ ದೇವರ ಹೆಸರೇ, ತಪ್ಪಲ್ಲ. ಆದರೆ ಆ ದೇವರಿಗೆ ಸಾವಿರ ಹೆಸರು. ಗುಮಾಸ್ತ ತನ್ನ ಬಳಗದಲ್ಲಿ ಹೆಚ್ಚು ಇಡುವ ಹೆಸರನ್ನು ಬರೆದುಕೊಂಡಿದ್ದ. ನಮ್ಮನೆಯವರದು ಬೇರೆ.

"ಅದಲ್ಲ" ಎಂದೆ.

ಸುಬೇದಾರರು ರಿಸೀವರಿಗೆ ಕೈ ಹಾಕಿದರು. "ಹಂಗಾದ್ರೆ ಯಾವ್ದು? ಬೇಗ ಹೇಳಮ್ಮ, ಲೈನ್ ಇದೆ. ಕಟ್ಟಾದ್ರೆ ಮತ್ತೆ ಯಾವತ್ತು ಸಿಗ್ತದೋ ಗೊತ್ತಿಲ್ಲ. ಹಲೋ! ಹಲೋ! ಇಡ್ಬೇಡಿ, ಒಂದ್ನಿಮಿಷ... ಹೇಳಮ್ಮ!"

ನಾನು ಬಾಯಿ ತೆರೆದೆ. ಅತ್ತೆ ನನ್ನ ಬಾಯಿ ಮುಚ್ಚಿದರು. ರೊಟ್ಟಿಯ ಗಂಟಿನ ವಾಸನೆ ಆ ಅಂಗೈಯಲ್ಲಿತ್ತು.

"ಹೇಳ್ಬ್ಯಾಡ ಕಣೇ. ಇದ್ರೆ ಇರ್ತಾನೆ. ನೀನು ಹೇಳಿ ಕಳೀಬ್ಯಾಡ."

ಸುಬೇದಾರರು ಫೋನಿಗೆ ಹಿಂದಿಯಲ್ಲಿ ಏನೋ ಬೇಡಿಕೊಳ್ಳುತ್ತಿದ್ದರು. ಇದ್ದಾರೆಂದು ತಿಳಿಯಬೇಕಾದರೆ ಅವರ ಆಯಸ್ಸು ತೆರಬೇಕು. ತೆರದಿದ್ದರೆ ಇದ್ದಾರೋ ಇಲ್ಲವೋ ತಿಳಿಯದೆ ಈ ಬಳೆಗಳನ್ನು ನೋಡುತ್ತ ಕೂರಬೇಕು. ಇಷ್ಟೆಲ್ಲ ಆಗ ಯೋಚಿಸಿದೆನೆಂದರೆ ಸುಳ್ಳು. ಯೋಚಿಸಿದ್ದು ಒಂದೇ. ಅವರಿರುವುದು ಹಡಗಿನ ತಳದಲ್ಲಿ. ಮುಳುಗುವಾಗ ಮೇಲೆ ಹತ್ತಿ ಬರಲು ಏಣಿ ಒಂದೇ ಎಂದು ಅವರು ಯಾವಾಗಲೋ ಹೇಳಿದ್ದರು.

ಅತ್ತೆಯ ಕೈಯನ್ನು ಕೆಳಗಿಳಿಸಿ ಹೆಸರು ಹೇಳಿದೆ.

"ಜೋರಾಗಿ ಹೇಳಮ್ಮ, ಕೇಳಿಸ್ಲಿಲ್ಲ!"

ಎರಡನೆಯ ಸಲ ಹೇಳಿದೆ, ಹೊರಗಿನ ಜಗುಲಿಗೆ ಕೇಳಿಸುವ ಹಾಗೆ. ಮಾವನವರ ಹೆಸರನ್ನೂ ಸೇರಿಸಿ ಹೇಳಿದೆ. ಸುಬೇದಾರರು ಎರಡನ್ನೂ ಫೋನಿಗೆ ಕೂಗಿದರು. ಆಮೇಲೆ ಕಾಯಬೇಕಾಯಿತು. ಫೋನಿನ ಆಚೆಯವರು ಪಟ್ಟಿ ನೋಡುತ್ತಿದ್ದರು. ಅತ್ತೆ ಸೆರಗನ್ನು ಮುಖಕ್ಕೆ ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕೂತರು. ಗುಮಾಸ್ತ ಬಾಗಿಲಲ್ಲೇ ನಿಂತಿದ್ದ, ಕನ್ನಡಕ ತೆಗೆದು ಕೈಯಲ್ಲಿ ಹಿಡಿದಿದ್ದ. ಹೆಂಚಿನ ಸಂದಿಯಿಂದ ಬಿಸಿಲಿನ ಒಂದು ಚುಕ್ಕೆ ನೆಲಕ್ಕೆ ಬಿದ್ದಿತ್ತು, ನಾನು ಅದನ್ನೇ ನೋಡುತ್ತಿದ್ದೆ.

"ಹಾಂ... ಹಾಂ... ಅಚ್ಛಾ." ಸುಬೇದಾರರು ರಿಸೀವರು ಇಟ್ಟರು. "ಕ್ಷೇಮವಾಗಿದಾರೆ ತಾಯಿ. ಹಡಗೂ ಕ್ಷೇಮ. ಎಲ್ಲಿದೆ ಅಂತ ಮಾತ್ರ ಕೇಳ್ಬೇಡಿ, ಹೇಳಂಗಿಲ್ಲ."

ನಾನು ಅತ್ತೆಯ ಕಡೆ ನೋಡಿದೆ. ಅವರು ತಿರುಗಲಿಲ್ಲ.

ರೈಲು ಗುಬ್ಬಿಯ ಹತ್ತಿರ ಬಂತು. ಸ್ಟೇಷನ್ನಿನ ಸಿಗ್ನಲ್ ಕೈಮರ ಕಾಣುವಾಗ ಅತ್ತೆ, ಕಿಟಕಿಯ ಹೊರಗೆ ನೋಡುತ್ತಲೇ, "ಎಲ್ಡು ಸಲ ಹೇಳ್ದೆ" ಅಂದರು.

"ಹೂಂ ಅತ್ತೆಮ್ಮ."

"ಒಂದು ಸಲ ಮೆತ್ತಗೆ ಹೇಳ್ದೆ. ಅದು ಲೆಕ್ಕಕ್ಕಿಲ್ಲ ಬುಡು."

ಬೈಗುಳಕ್ಕೆ ಮೈ ಗಟ್ಟಿ ಮಾಡಿಕೊಂಡು ಕೂತಿದ್ದವಳು ಆ ಮಾತಿಗೆ ಅತ್ತುಬಿಟ್ಟೆ. ಅತ್ತೆ ರೊಟ್ಟಿಯ ಗಂಟು ಬಿಚ್ಚಿ ಮುರಿದು ನನ್ನ ಕೈಗಿಟ್ಟರು. ಅವತ್ತಿನಿಂದ ಸಾಯುವವರೆಗೂ ಸೋಮವಾರ ಹಗಲೂಟ ಬಿಟ್ಟರು. ಯಾಕೆಂದು ಮಗ ಕೇಳಿದರೆ ಹೊಟ್ಟೆ ಸರಿಯಿಲ್ಲ ಎನ್ನುತ್ತಿದ್ದರು.

ಮಾವನವರು ಆ ಸಂಜೆಯೇ ಬಂದರು. ಮುಖ ಬಾಡಿತ್ತು. ಯುದ್ಧದ ಕಾಲವೆಂದು ಕಾರ್ಖಾನೆಯ ಗೇಟಿನೊಳಗೆ ಬಿಟ್ಟಿರಲಿಲ್ಲ. ಹಳಬರು ಯಾರೂ ಸಿಕ್ಕಿರಲಿಲ್ಲ. ಎರಡು ದಿನವೂ ಗೇಟಿನೆದುರಿನ ಮರದ ಕೆಳಗೆ ಕೂತು, ಇಳಿಯುವ ಏರುವ ವಿಮಾನಗಳನ್ನು ನೋಡಿ ಬಂದಿದ್ದರು. "ಒಂದೂ ನಾವು ಕಟ್ಟಿದ್ದಲ್ಲ. ಎಲ್ಲಾ ಹೊಸವು" ಎಂದರು. ಮಗ ಕ್ಷೇಮ ಎಂದು ಅತ್ತೆ ಎಷ್ಟು ಕೂಗಿದರೂ, "ಯಾರು? ಯಾರು ಕ್ಷೇಮ?" ಎಂದು ಕೇಳುತ್ತಲೇ ಇದ್ದರು. ಹೆಸರು ಹೇಳಿದ್ದರೆ ತುಟಿ ನೋಡಿಯೇ ತಿಳಿಯುತ್ತಿತ್ತು. ಕೊನೆಗೆ ಅತ್ತೆ ನನ್ನ ಕೈ ಎತ್ತಿ ಬಳೆ ತೋರಿಸಿದರು. ಮಾವ ಜಗುಲಿಯ ಕಂಬ ಹಿಡಿದುಕೊಂಡು ಕೂತರು.

ನಮ್ಮನೆಯವರು ಆ ವರ್ಷದ ಕೊನೆಗೆ ರಜದಲ್ಲಿ ಬಂದರು. ಶತ್ರು ರೇಡಿಯೋ ಹೇಳಿದ್ದು ಬೇರೆ ಹಡಗಿನ ಸುದ್ದಿ, ಅದೂ ಸುಳ್ಳು. ನಮ್ಮವರ ಹಡಗು ಯುದ್ಧವಿಡೀ ಬೊಂಬಾಯಿಯ ಡಾಕ್‌ಯಾರ್ಡ್ ಬಿಟ್ಟು ಕದಲಿರಲೇ ಇಲ್ಲ. ಮುದಿ ಹಡಗು, ಬಾಯ್ಲರು ಕೆಟ್ಟು ಬಿಚ್ಚಿ ಹಾಕಿದ್ದರು. ಜೊತೆಯವರು ಸಮುದ್ರದಲ್ಲಿದ್ದಾಗ ಇವರು ತಣ್ಣಗಿನ ಬಾಯ್ಲರಿನೊಳಗೆ ಕೂತು ಕೊಳವೆಗಳ ಕಿಟ್ಟ ಕೆರೆಯುತ್ತಿದ್ದರು. ಊರವರು ಹಾರ ತಂದರೆ ಹಿತ್ತಲಿನಿಂದ ತೋಟಕ್ಕೆ ಹೋಗಿಬಿಟ್ಟರು. ಅದರ ನಾಚಿಕೆ ಅವರಿಗೆ ಬಹಳ ವರ್ಷ ಹೋಗಲಿಲ್ಲ. ಅವರ ನಾಚಿಕೆಯೇ ನನ್ನ ಭಾಗ್ಯವಾಗಿತ್ತೆಂದು ಅವರಿಗೆ ಹೇಗೆ ಹೇಳುವುದು?

ತೋಟದಲ್ಲಿ ಅವರನ್ನು ಹುಡುಕಿಕೊಂಡು ಹೋಗಿ ತುಮಕೂರಿನ ಸಂಗತಿ ಹೇಳಿದೆ. ಬಯ್ಯುತ್ತಾರೆ ಅಂದುಕೊಂಡಿದ್ದೆ. ಅವರು ಬಾವಿಯ ಕಟ್ಟೆಯ ಮೇಲೆ ಕೂತು ನನ್ನ ಕಡೆ ತಿರುಗಿದರು.

"ಹೇಳಿದ್ಯಾ? ನಿಜವಾಗ್ಲೂ?"

"ಹೂಂ ರೀ."

"ಹೆಂಗೆ ಹೇಳ್ದೆ? ಇನ್ನೊಂದ್ಸಲ ಹೇಳು, ಕೇಳೋಣ."

"ಅಯ್ಯೋ, ಸುಮ್ನಿರಿ!"

"ಬಾಂಬೆ ಫೋನಿಗಾದ್ರೆ ಹೇಳ್ತೀಯ. ನಂಗೆ ಹೇಳಲ್ಲ."

ಅವತ್ತೇ ಹೇಳಿದರು, ಬಾಯ್ಲರು ಬಿಚ್ಚಿದ್ದಾಗ ಆ ಇಂಗ್ಲಿಷ್ ನಾವಿಕ ಕೆರೆದಿದ್ದ ಹೆಸರಿನ ಕೆಳಗೆ ನನ್ನದನ್ನೂ ಕನ್ನಡದಲ್ಲಿ ಕೆರೆದಿದ್ದಾರೆಂದು. ಮುಂದೆ ಹಡಗನ್ನು ಒಡೆದು ಗುಜರಿಗೆ ಹಾಕಿದರು. ಮಾವನವರು ತೇಪೆ ಹಾಕಿದ್ದ ನಾಲ್ಕು ಎಂಜಿನ್ನಿನ ವಿಮಾನಗಳೂ ಅರವತ್ತರ ದಶಕ ಮುಗಿಯುವುದರೊಳಗೆ ಹಾರುವುದನ್ನು ನಿಲ್ಲಿಸಿದವು. ನನ್ನ ಹೆಸರೂ ಆ ಹೆಂಗಸಿನ ಹೆಸರೂ ಕರಗಿ ಯಾವ ಸೇತುವೆಯ ಸರಳಾದವೋ.

"ಇನ್ನೊಂದ್ಸಲ ಹೇಳು" ಎನ್ನುವುದು ಮಾತ್ರ ಅವರು ಬಿಡಲಿಲ್ಲ. ನೌಕಾಪಡೆ ಬಿಟ್ಟು ಬಂದು, ತುಮಕೂರಿನಲ್ಲಿ ಕೆಲಸ ಹಿಡಿದು, ಶೆಟ್ಟಿಹಳ್ಳಿಯಲ್ಲಿ ಮನೆ ಮಾಡಿದ ಮೇಲೂ. ಕರೆಂಟು ಹೋದಾಗ, ಬಸ್ಸಿಗೆ ಕಾಯುವಾಗ, ಮಕ್ಕಳ ಮದುವೆಯ ಚಪ್ಪರದಲ್ಲಿ. ಬಾಯ್ಲರಿನ ಶಬ್ದಕ್ಕೆ ಅವರ ಕಿವಿಯೂ ಅಪ್ಪನ ಕಿವಿಯಂತೆ ಮಂದವಾಗುತ್ತ ಬಂತು. "ಈಗ ಹೇಳಿದ್ರೂ ಕೇಳಿಸಲ್ಲ ಕಣೇ, ಧೈರ್ಯವಾಗಿ ಹೇಳು" ಎಂದು ನಗುತ್ತಿದ್ದರು. ನಾನು ಹೇಳಲಿಲ್ಲ. ಜೋರಾಗಿ ಹೇಳಿದ ಆ ಒಂದು ಸಲದ ಲೆಕ್ಕ ಇನ್ನೂ ಎಲ್ಲೋ ಬಾಕಿಯಿದೆ ಎನ್ನುವ ಅಂಜಿಕೆ ನನ್ನನ್ನು ಬಿಡಲಿಲ್ಲ. ಅವರಿಗೆ ಜ್ವರ ಬಂದಾಗಲೆಲ್ಲ ನನಗೆ ಫೋನಿನ ಕರ್ ಕರ್ ಕೇಳಿಸುತ್ತಿತ್ತು.

ಆಸ್ಪತ್ರೆಯಲ್ಲಿ ಕೊನೆಯ ದಿನ ಮಧ್ಯಾಹ್ನ, ಡಾಕ್ಟರು ಬಂದು ನೋಡಿ ಮಗನನ್ನು ಹೊರಗೆ ಕರೆದುಕೊಂಡು ಹೋದರು. ಒಳಗೆ ನಾವಿಬ್ಬರೇ. ಅವರ ಕಣ್ಣು ಅರ್ಧ ತೆರೆದಿತ್ತು, ನೋಟ ನನ್ನನ್ನು ದಾಟಿ ಕಿಟಕಿಯ ಕಡೆಗಿತ್ತು. ಡಾಕ್ಟರು ಮಗನಿಗೆ ಹೇಳುತ್ತಿದ್ದುದು ಏನೆಂದು ನನಗೆ ಗೊತ್ತಿತ್ತು. ಆಯಸ್ಸಿನಲ್ಲಿ ಇನ್ನು ಕಡಿಮೆಯಾಗುವುದಕ್ಕೆ ಏನೂ ಉಳಿದಿರಲಿಲ್ಲ.

ಕಿವಿಯ ಹತ್ತಿರ ಬಗ್ಗಿ ಹೆಸರು ಹೇಳಿದೆ. ಮೆತ್ತಗೆ ಹೇಳಿದ್ದು ಲೆಕ್ಕಕ್ಕಿಲ್ಲ. ಇನ್ನೊಂದು ಸಲ ಜೋರಾಗಿ ಹೇಳಿದೆ. ಮತ್ತೆ ಹೇಳಿದೆ. ಅವರು ಬಾಯ್ಲರು ಕೋಣೆಯಲ್ಲಿದ್ದಾರೆ, ನಾನು ಏಣಿಯ ಮೇಲಿನಿಂದ ಕರೆಯುತ್ತಿದ್ದೇನೆ ಎನ್ನುವ ಹಾಗೆ ಕೂಗಿದೆ. ರೆಪ್ಪೆ ಅಲುಗಿತು. ಕೇಳಿಸಿಯೋ, ಸುಮ್ಮನೆಯೋ.

ಆಯಾ ಓಡಿಬಂದಳು. "ಯಾರನ್ನಮ್ಮ ಕೂಗ್ತಿದೀರಾ? ಯಾರು ಬೇಕಿತ್ತು?"

"ನಮ್ಮನೆಯವರನ್ನ" ಎಂದೆ.